ದಂಡೆಯ ಮೇಲಿನ ಪಾಠ

೨೦೧೭ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಬೆಂಕಿಯೆದ್ದಿತು. ಜನ ಬೆರಗಾದರು. ೧೯೭೪ರ ಜಲಮಾಲಿನ್ಯ ಕಾಯಿದೆಯಾದರೋ ಅಳತೆಯನ್ನು ಕೇಳುತ್ತದೆ. ಅದನ್ನು ಒದಗಿಸಬೇಕಾದವರು ಮಾಲಿನ್ಯ ನಿಯಂತ್ರಣದ ತಂತ್ರಜ್ಞರು. ಅವರ ಶಿಕ್ಷಣ ಕೆರೆಯ ದಂಡೆಯಲ್ಲಿಯೇ ಮೊದಲಾಗಬೇಕು. ಪ್ರಯೋಗಶಾಲೆ ಆಮೇಲಿನ ಮಾತು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯಲು ತುಂಬಿದ ಸೀಸೆಯಲ್ಲಿ ಗಾಳಿಯ ಗುಳ್ಳೆಯೊಂದೂ ಉಳಿಯಕೂಡದು. ಉಳಿದರೆ ಕೊಳೆತ ಕೆರೆಯೂ ಕಾಗದದ ಮೇಲೆ ಶುದ್ಧವಾಗಿ ಕಂಡೀತು! ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರಯುಕ್ತ ಅಯೋಡೈಡನ್ನೂ ಅಲ್ಲಿಯೇ ಬೆರೆಸಬೇಕು. ಕಂದು ಗಸಿ ಕಂಡರೆ ಆಮ್ಲಜನಕವುಂಟು. ಬಿಳಿಯ ಗಸಿಯಾದರೆ ಅಲ್ಲಿ ಮೀನು ಬದುಕದು. ಮೂಗು ಮುಚ್ಚಿಕೊಂಡು, ಕೈಗೆಟುಕಿದ ತಿಳಿನೀರನ್ನು ಅವಸರದಲ್ಲಿ ತುಂಬಿ ತಂದವರ ತಪ್ಪನ್ನು ಎಷ್ಟು ಬೆಲೆಯ ಯಂತ್ರವೂ ತಿದ್ದಲಾರದು. ಮಳೆಗಾಲದ ಕೆರೆ ಬೇಸಗೆಯ ಕೆರೆಯಂತಿರುವುದಿಲ್ಲ; ಆದುದರಿಂದ ಮೊದಲ ದರ್ಜೆಯಲ್ಲಿ ತೇರ್ಗಡೆಯಾದವರನ್ನೂ ವರ್ಷ ಪೂರ್ತಿ ನುರಿತವರೊಡನೆ ದಂಡೆಗೆ ಕಳುಹಿಸಬೇಕು.