ಮುಖ ಮುಚ್ಚಿದರೆ ಪುಕ್ಕಲುತನವೇ?

ಸಾಫ್ಟ್‌ಬಾಲ್ ಎಂಬ ಹೆಸರು ಕೇಳಿ ಚೆಂಡು ಮೆತ್ತಗಿರುತ್ತೆ ಅಂದುಕೊಂಡವರಲ್ಲಿ ನಾನೂ ಒಬ್ಬ. ಕೈಗೆ ತೆಗೆದುಕೊಂಡ ಮೇಲೆ ಭ್ರಮೆ ಹರಿಯಿತು. ಸುತ್ತಳತೆ 12 ಇಂಚು. ತೂಕ ಸುಮಾರು 180ರಿಂದ 200 ಗ್ರಾಂ, ಅಂದರೆ ಕ್ರಿಕೆಟ್ ಚೆಂಡಿಗಿಂತ ಭಾರ. ಒಂದು ಬೇಸಿನಿಂದ ಇನ್ನೊಂದಕ್ಕೆ ಬರೀ 60 ಅಡಿ. ಮೂರನೇ ಬೇಸಿನ ಬಳಿ ನಿಂತ ಹುಡುಗಿಗೆ ಯೋಚಿಸಲು ಪುರುಸೊತ್ತೇ ಇಲ್ಲ. ಚೆಂಡು ನೆಲಕ್ಕೆ ಬಡಿದು ಅಡ್ಡಾದಿಡ್ಡಿ ಪುಟಿದರೆ ಸೀದಾ ಮುಖಕ್ಕೆ. ಅದಕ್ಕೇ ಅಮೆರಿಕದಲ್ಲಿ ಈ ಆಟ ಆಡುವ ಎಷ್ಟೋ ಹುಡುಗಿಯರು ಫೀಲ್ಡಿಂಗಿಗೂ ಕಂಬಿಯ ಮುಖಕವಚ ಹಾಕಿಕೊಳ್ಳುತ್ತಾರೆ.

ಹೋದ ವರ್ಷ ಪುಣೆಯ ಒಂದು ಮೈದಾನದಲ್ಲಿ ಶಾಲಾ ಹುಡುಗಿಯರ ತಂಡದ ಆಯ್ಕೆ ನಡೆಯಿತು. ಕಾಮರ್ಸಿನವನು, ಲೆಕ್ಕ ನೆಟ್ಟಗೆ ಬರೀತಾನೆ ಅಂತ ಅಂಕಪಟ್ಟಿಗೆ ನನ್ನನ್ನು ಕೂರಿಸಿದರು. ಹಿಡಿತ, ಎಸೆತ, ಓಟ, ಧೈರ್ಯ: ಒಂದೊಂದಕ್ಕೂ 10 ಅಂಕ. ನಮ್ಮ ಗಲ್ಲಿಯ ಹುಡುಗಿಯೊಬ್ಬಳು ಕವಚ ಹಾಕಿಕೊಂಡು ಬಂದಳು. 10 ಚೆಂಡಿನಲ್ಲಿ 8 ಹಿಡಿದಳು. ಧೈರ್ಯಕ್ಕೆ ಸಿಕ್ಕಿದ್ದು 3. "ಕಂಬಿ ಹಿಂದೆ ನಿಂತರೆ ಯಾರಾದರೂ ಶೂರರೇ" ಎಂದು ಆಯ್ಕೆಗಾರರು ಮರಾಠಿಯಲ್ಲಿ ನಕ್ಕರು. ಬರಿಮುಖದ ಇನ್ನೊಬ್ಬಳು 5 ಹಿಡಿದಳು, ಚೆಂಡು ಬಂದಾಗಲೆಲ್ಲ ಮುಖ ತಿರುಗಿಸಿದಳು. ಅವಳಿಗೆ 7.

ಆಯ್ಕೆಗಾರರ ಮಾತಿನಲ್ಲಿ ಹುರುಳೇ ಇಲ್ಲ ಅನ್ನಲಾರೆ. ಕವಚವಿದ್ದರೆ ಕಣ್ಣು ಮುಚ್ಚಿಕೊಂಡದ್ದು ದೂರದಿಂದ ಕಾಣದು. ಆದರೆ ಮಿತ್ರರೇ, ಆ ಹುಡುಗಿ ಪಂದ್ಯದ ದಿನವೂ ಕವಚ ಹಾಕಿಕೊಂಡೇ ಆಡುತ್ತಾಳಲ್ಲ! ಕವಚ ತೆಗೆದರೆ ಎಷ್ಟು ಹೆದರುತ್ತಾಳೆ ಎಂಬ ಲೆಕ್ಕ ಯಾರಿಗೆ ಬೇಕು? ಫೀಲ್ಡರಳನ್ನು ಅಳೆಯಬೇಕಾದ್ದು ಕಾಲಿನಲ್ಲಿ, ಕೈಯಲ್ಲಿ. ಚೆಂಡಿಗೆ ಎದುರಾಗಿ ಮುಂದೆ ಬರುತ್ತಾಳೋ, ಹಿಂದೆ ಸರಿಯುತ್ತಾಳೋ? ಗ್ಲೌಸ್ ನೆಲಕ್ಕೆ ತಾಗಿದೆಯೋ? ತಲೆ ಬಗ್ಗಿಸಿ ಚೆಂಡನ್ನು ಗ್ಲೌಸಿನವರೆಗೂ ನೋಡುತ್ತಾಳೋ? ಇದ್ಯಾವುದನ್ನೂ ಕವಚ ಮುಚ್ಚುವುದಿಲ್ಲ. ಏಟಿನ ಭಯ ಕಡಿಮೆಯಾದಾಗಲೇ ನಿಜವಾದ ಕೈಚಳಕ ಹೊರಗೆ ಬರುವುದು.

2000ದಲ್ಲಿ ಢಾಕಾದಲ್ಲಿ ನಮ್ಮ ಕುಂಬ್ಳೆಯವರ ಬೌಲಿಂಗಿಗೆ ಕೀಪಿಂಗ್ ಮಾಡುತ್ತಿದ್ದ ಸಬಾ ಕರೀಂ ಅವರ ಕಣ್ಣಿಗೆ ಚೆಂಡು ಬಡಿದು ಭಾರೀ ಪೆಟ್ಟಾಯಿತು. ಇವತ್ತು ಸ್ಪಿನ್ ಬೌಲಿಂಗಿಗೆ ಹತ್ತಿರ ನಿಲ್ಲುವ ಕೀಪರ್ ಹೆಲ್ಮೆಟ್ ಹಾಕಿದರೆ ಪುಕ್ಕಲ ಅಂತೀವಾ? ಹುಡುಗಿಯರಿಗೆ ಮಾತ್ರ ಬೇರೆ ನ್ಯಾಯವೇ?

ಒಂದು ತೊಡಕಂತೂ ಇದೆ. ಸಡಿಲವಾದ ಕವಚ ಜಾರುತ್ತದೆ, ಕಂಬಿ ಕಣ್ಣಿಗೆ ಅಡ್ಡ ಬರುತ್ತದೆ. ಕವಚ ಕೊಳ್ಳುವ ಶಕ್ತಿ ಎಲ್ಲರ ಮನೆಗೂ ಇಲ್ಲ. ಒಂದು ಅಂಗಡಿಯ ದಾಸ್ತಾನಿಗೆ ಕೊಂಡ ಬೆಲೆ, ಪಕ್ಕದಂಗಡಿಯ ದಾಸ್ತಾನಿಗೆ ಪೇಟೆ ಬೆಲೆ ಹಾಕಿ ಎರಡನ್ನೂ ಹೋಲಿಸಿದರೆ ನಮ್ಮ ಮೇಷ್ಟ್ರು ಸೊನ್ನೆ ಕೊಡುತ್ತಾರೆ. ಆದ್ದರಿಂದ ಆಯ್ಕೆಯ ದಿನ ಆಡಿಸುವವರೇ ನಾಲ್ಕಾರು ಅಳತೆಯ ಕವಚ ತಂದಿಟ್ಟು, ಸರದಿಯ ಮೇಲೆ ಎಲ್ಲರಿಗೂ ಹಾಕಿಸಲಿ. ಧೈರ್ಯದ ಕಾಲಂ ತೆಗೆದು ಕಾಲ್ಚಲನೆಯ ಕಾಲಂ ಹಾಕಲಿ.

ಇಷ್ಟೆಲ್ಲ ಈಗ ಬರೆಯುತ್ತಿರುವ ನಾನು ಅವತ್ತು ತುಟಿ ಬಿಚ್ಚಲಿಲ್ಲ. ಆ 3 ಅನ್ನು ದುಂಡಗೆ ಬರೆದದ್ದು ನನ್ನದೇ ಕೈ. ಸಂಜೆ ಗಲ್ಲಿಯಲ್ಲಿ ಆ ಹುಡುಗಿ ಕೇಳಿದಳು: "ಅಣ್ಣಾ, ಚೆನ್ನಾಗಿ ಹಿಡಿದೆ ಅಲ್ವಾ?" ಚೆನ್ನಾಗಿ ಹಿಡಿದೆ ಅಂದೆ. ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ.

ಅವತ್ತು ಮೈದಾನದಲ್ಲಿ ಧೈರ್ಯಕ್ಕೆ 3 ಅಂಕ ಸಿಗಬೇಕಾಗಿದ್ದದ್ದು ನನಗೆ.