‘ಬಂದಾನ’ ತಪ್ಪಲ್ಲ, ಅದಕ್ಕೂ ವ್ಯಾಕರಣ ಐತಿ

ಒಣದ್ರಾಕ್ಷಿಗೆಂದು ಶೆಡ್ಡಿನಲ್ಲಿ ಹಣ್ಣು ಹರವಿದ ದಿನಗಳಲ್ಲಿ ತಿಕೋಟಾ ಸುತ್ತಲಿನ ಬೆಳೆಗಾರನಿಗೆ ಮಳೆಯ ಸುದ್ದಿ ಯಾವ ಕ್ರಿಯಾಪದದಲ್ಲಿ ಬಂತು ಅನ್ನುವುದೇ ಮುಖ್ಯ. ‘ನಿನ್ನಿ ಮಳಿ ಬಂತು’ ಅಂದರೆ ಬಂದು ಹೋಯಿತು, ಅಷ್ಟೇ. ‘ಮಳಿ ಬಂದೈತಿ’ ಅಂದರೆ ನೆಲ ಇನ್ನೂ ಹಸಿ, ಹೋಗಿ ಹಣ್ಣು ನೋಡಬೇಕು. ‘ಬರಾಕತ್ತಿತ್ತು’ ಅಂದರೆ ಆ ಹೊತ್ತಿನಲ್ಲಿ ಸುರಿಯುತ್ತಲೇ ಇತ್ತು. ‘ಬರ್ತಿತ್ತು’ ಅಂದರೆ ಹಿಂದೆಲ್ಲ ಆ ತಿಂಗಳಲ್ಲಿ ಬರುವ ರೂಢಿ ಇತ್ತು. ಕಳೆದುಹೋದ ಕಾಲವನ್ನು ಹೀಗೆ ನಾಲ್ಕು ಬಗೆಯಾಗಿ ಸೀಳುವುದನ್ನು ಈ ಭಾಗದ ಮಗು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಕಲಿತಿರುತ್ತದೆ. ಶಾಲೆಯಲ್ಲಿ ಅದಕ್ಕೆ ಸಿಗುವ ಭೂತಕಾಲ ಮಾತ್ರ ‘ಮಾಡಿದನು, ಮಾಡಿದಳು, ಮಾಡಿತು’ ಎಂಬ ಒಂದೇ ಪಟ್ಟಿ.

ಪಟ್ಟಿ ಚಿಕ್ಕದು ಅನ್ನುವುದು ದೊಡ್ಡ ತಕರಾರಲ್ಲ. ತೊಡಕು ಇರುವುದು ಮುಂದಿನ ಪುಟದಲ್ಲಿ. ಸಂಭಾವನಾರ್ಥಕ ರೂಪಗಳು ಎಂಬ ತಲೆಬರಹದ ಕೆಳಗೆ ‘ಬಂದಾನು, ಬಂದಾಳು, ಬಂದಾರು’ ಇರುತ್ತವೆ. ಬಂದರೂ ಬರಬಹುದು ಎಂದರ್ಥ. ಬಬಲೇಶ್ವರದ ಹುಡುಗನ ಮನೆಯಲ್ಲಿ ‘ಕಾಕಾ ಬಂದಾನ’ ಅಂದರೆ ಕಾಕಾ ಆಗಲೇ ಬಂದು ಕೂತಿದ್ದಾನೆ, ಚಹಾಕ್ಕೆ ಇಡಬೇಕು. ನಡುವೆ ಇರುವುದು ಕೊನೆಯ ಒಂದು ಸ್ವರದ ಅಂತರ. ಒಂದು ಕಡೆ ಅನುಮಾನ, ಇನ್ನೊಂದು ಕಡೆ ಕಣ್ಣೆದುರಿನ ಸತ್ಯ. ‘ಬಂದು’ ಮತ್ತು ‘ಐತಿ’ ಕೂಡಿ ‘ಬಂದೈತಿ’ ಆದದ್ದೂ, ‘ಬಂದು’ ಮತ್ತು ‘ಇದೆ’ ಕೂಡಿ ‘ಬಂದಿದೆ’ ಆದದ್ದೂ ಒಂದೇ ಕಟ್ಟಡ ಎಂದು ಯಾರಾದರೂ ಹೇಳಿದರೆ ಗೊಂದಲ ಅಲ್ಲಿಗೇ ತಿಳಿಯಾಗುತ್ತದೆ. ಹೇಳದೆ ಕೆಂಪು ಶಾಯಿಯಲ್ಲಿ ಗೀಟು ಎಳೆದರೆ, ತನ್ನ ಮನೆಯವರು ಮಾತಾಡುವುದೇ ತಪ್ಪು ಎಂದು ಮಗು ತಿಳಿಯುತ್ತದೆ. ಕೆಡದಿದ್ದ ಕನ್ನಡವನ್ನು ತಿದ್ದಿದ ಹಾಗಾಯಿತು ಅದು. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಭೂತಕಾಲದ ಗುರುತೆಂದು ಹೇಳಿದ ದಕಾರ ‘ಬಂದಾನ’ದೊಳಗೆ ಈಗಲೂ ಗಟ್ಟಿಯಾಗಿ ಕೂತಿದೆ.

ಸ್ಪ್ಯಾನಿಷ್ ಕಲಿಯುವವರನ್ನು ನೋಡಿ. ಮಳೆ ಬಂತು ಅನ್ನಲು ‘ಯೊವಿಯೊ’, ಬರುತ್ತಿತ್ತು ಅನ್ನಲು ‘ಯೊವೀಆ’, ಬಂದಿದೆ ಅನ್ನಲು ‘ಆ ಯೊವಿದೊ’. ಯಾವುದನ್ನು ಎಲ್ಲಿ ಬಳಸಬೇಕು ಎಂದು ವಾರಗಟ್ಟಲೆ ಪಾಠ ನಡೆಯುತ್ತದೆ. ಇವತ್ತು ಬೆಳಿಗ್ಗೆಯ ಮಳೆಗೆ ಮ್ಯಾಡ್ರಿಡ್‌ನವರು ಸಾಮಾನ್ಯವಾಗಿ ಮೂರನೆಯದನ್ನು ಹೇಳಿದರೆ, ಮೆಕ್ಸಿಕೊದವರು ಮೊದಲನೆಯದನ್ನೇ ಹೇಳುತ್ತಾರೆ. ಸ್ಪೇನಿನ ರಾಯಲ್ ಅಕಾಡೆಮಿ ಬೇರೆ ದೇಶಗಳ ಅಕಾಡೆಮಿಗಳೊಂದಿಗೆ 2009ರಲ್ಲಿ ಹೊರತಂದ ವ್ಯಾಕರಣದಲ್ಲಿ ಎರಡಕ್ಕೂ ಜಾಗವಿದೆ. ಸಾಗರದಾಚೆಯ ಭೇದಕ್ಕೆ ಅವರು ಕೊಟ್ಟ ಮರ್ಯಾದೆಯನ್ನು ನಾವು ತುಂಗಭದ್ರೆಯ ಆಚೀಚೆಗೆ ಕೊಡಲು ಯಾಕೆ ಹಿಂಜರಿಯುತ್ತೇವೆ?

ಪರೀಕ್ಷೆಗೆ ಒಂದೇ ರೂಪ ಬೇಕಲ್ಲ ಎಂದು ಕೇಳುವವರಿದ್ದಾರೆ. ಬೇಕು. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಯಲ್ಲಿ ‘ಬಂದಿದ್ದಾನೆ’ ಎಂದೇ ಬರೆಯಲಿ. ಈ ಲೇಖನವೂ ಆ ಕನ್ನಡದಲ್ಲೇ ಇದೆ. ಆದರೆ ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋಗುವುದು ಹತ್ತಿರದ ದಾರಿ. ಹಾಗಿದ್ದರೆ ಯಾರ ಮನೆಮಾತು, ಇಲ್ಲಿಯ ‘ಬರಾಕತ್ತಾನ’ವೋ ಧಾರವಾಡದ ‘ಬರ್ಲಿಕ್ಕತ್ತಾನ’ವೋ ಎಂಬ ಪ್ರಶ್ನೆ ಇನ್ನೂ ತೂಕದ್ದು. ವಿಜಯಪುರ ನಗರದ ಒಂದೇ ತರಗತಿಯಲ್ಲಿ ಮನೆಯಲ್ಲಿ ದಖನಿ, ಮರಾಠಿ, ಲಂಬಾಣಿ ಆಡುವ ಮಕ್ಕಳೂ ಇರುತ್ತಾರೆ ನಿಜ. ಅವರಿಗೂ ಮೊದಲು ಕಿವಿಗೆ ಬಿದ್ದ ಕನ್ನಡ ಓಣಿಯ ಕನ್ನಡವೇ, ಪುಸ್ತಕದ್ದಲ್ಲ. ಇದಕ್ಕೆ ಹೊಸ ಪಠ್ಯಪುಸ್ತಕ ಬೇಡ, ಆದೇಶವೂ ಬೇಡ. ಕರಿಹಲಗೆಯ ನಡುವೆ ಒಂದು ಗೀಟು ಎಳೆದರೆ ಸಾಕು: ಎಡಕ್ಕೆ ಮಕ್ಕಳು ಹೇಳಿದ್ದು, ಬಲಕ್ಕೆ ಪುಸ್ತಕ ಹೇಳಿದ್ದು. ‘ಬಂದಾನ’ದ ಎದುರು ‘ಬಂದಿದ್ದಾನೆ’, ‘ಬಂದೈತಿ’ಯ ಎದುರು ‘ಬಂದಿದೆ’. ಕೆಳಗೆ ಬಂದ ಹಾಗೆ ಎಡಗಡೆ ‘ಬರ್ತಿದ್ದ’, ‘ಬರಾಕತ್ತಿದ್ದ’ ಎಂದು ಎರಡು ಸಾಲು ಆಗುತ್ತವೆ. ಬಲಗಡೆ ಎರಡಕ್ಕೂ ‘ಬರುತ್ತಿದ್ದನು’ ಎಂದೇ ಬರೆಯಬೇಕಾಗುತ್ತದೆ. ಹಿಂದಿನ ಬೆಂಚಿನಿಂದ ಯಾರಾದರೂ ಕೈ ಎತ್ತುವುದು ಆಗಲೇ.