ತೋಬಿಯವರ ಮಾತು
ಪಲಾವು ದೇಶದ ದಕ್ಷಿಣದ ಅಂಚಿನಲ್ಲಿ ತೋಬಿ ಎಂಬ ದ್ವೀಪವಿದೆ. ಒಂದು ಚದರ ಕಿಲೋಮೀಟರೂ ಇಲ್ಲದ ಆ ನೆಲ ಹಟೋಹೊಬೈ ಎಂಬ ರಾಜ್ಯವೂ ಹೌದು. ಊರಲ್ಲಿ ಉಳಿದವರು ಕೆಲವೇ ಮಂದಿ. ಮಿಕ್ಕವರಲ್ಲಿ ಹೆಚ್ಚಿನವರು ನೂರಾರು ಕಿಲೋಮೀಟರ್ ಆಚೆ, ಕೊರೋರ್ ಪಟ್ಟಣದ ಎಚಾಂಗ್ ಕೇರಿಯಲ್ಲಿದ್ದಾರೆ. ಅವರ ನುಡಿಗೆ ಪಲಾವು ಭಾಷೆ ಹತ್ತಿರದ ನೆಂಟನಲ್ಲ. ಅದರ ಬಳಗ ಪೂರ್ವದ ಊಲಿಥಿ, ವೊಲಿಯಾಯ್, ಚೂಕ್ ಕಡೆಯದು. 1832ರಲ್ಲಿ ಅಮೆರಿಕದ ತಿಮಿಂಗಿಲ ಬೇಟೆಯ ಹಡಗು ‘ಮೆಂಟರ್’ ಪಲಾವು ಬಳಿ ಒಡೆಯಿತು. ಅದರ ನಾವಿಕ ಹೊರೇಸ್ ಹೋಲ್ಡನ್ ಮುಂದೆ ತೋಬಿಯವರ ಕೈಗೆ ಸಿಕ್ಕಿ ಮೈಗೆ ಹಚ್ಚೆ ಹಾಕಿಸಿಕೊಂಡ, 1834ರಲ್ಲಿ ಬಿಡುಗಡೆಯಾದ. 1836ರಲ್ಲಿ ಅಚ್ಚಾದ ಅವನ ಕಥನ ಬರೀ ಗೋಳು; ಸೆರೆಯಾಳಿನಿಂದ ಬೇರೇನು ನಿರೀಕ್ಷಿಸೋಣ? ಆದರೂ ಕೊನೆಯಲ್ಲಿ ತೋಬಿ ಪದಗಳ ಪಟ್ಟಿ ಇದೆ, ಅವರನ್ನು ಶತ್ರುಗಳೆಂದುಕೊಂಡವನೇ ಹೊತ್ತು ತಂದದ್ದು. ಈಗ ಎಚಾಂಗಿನ ಮಕ್ಕಳಿಗೆ ಶಾಲೆಯಲ್ಲಿ ಪಲಾವು, ಇಂಗ್ಲಿಷ್. ಕೇರಿಯಲ್ಲಿ ಸೊನ್ಸೊರೋಲ್ ಎಂಬ ದ್ವೀಪದವರ ಒಡನಾಟ. ತೋಬಿ, ಸೊನ್ಸೊರೋಲ್ ಎರಡೂ ಬೆರೆತ ಹೊಸ ಆಡುಮಾತೊಂದು ಅಲ್ಲಿ ಹುಟ್ಟಿದೆ. ಹಿರಿಯರು ಅದನ್ನು ಕಲಬೆರಕೆ ಎಂದರೂ ನನಗೆ ಅದು ಸಾವಿನಂತೆ ಕಾಣುವುದಿಲ್ಲ. ಅಂಜಿಕೆ ಇರುವುದು ಇಂಗ್ಲಿಷಿನ ಬಗ್ಗೆ, ನೆರೆಯವರ ಬಗ್ಗೆ ಅಲ್ಲ.